ಹರಿಹರದ ಸೇತುವೆಯ ಮೇಲೆ ಎರಡು ಚೀಲ

ಸಂಶಯ ನನ್ನ ಸ್ವಭಾವವಲ್ಲ, ಕಸುಬು. ದಾವಣಗೆರೆಯ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಮಾಲು ನೋಡುವ ಕೆಲಸ ನನ್ನದು. ಚೀಲದ ಬಾಯಲ್ಲಿ ಬೆಳ್ಳನೆಯ ಹತ್ತಿ ಇಟ್ಟು, ತಳದಲ್ಲಿ ನೀರು ಚಿಮುಕಿಸಿದ್ದು, ಕಸಕಡ್ಡಿ, ಒಮ್ಮೊಮ್ಮೆ ಕಲ್ಲನ್ನೂ ತುಂಬಿ ತರುವ ಮಹಾನುಭಾವರಿದ್ದಾರೆ. ಆದ್ದರಿಂದ ಯಾರ ಚೀಲವೇ ಬರಲಿ, ಮೊಳಕೈವರೆಗೆ ಕೈ ಹಾಕಿ, ಒಳಗಿನ ಹತ್ತಿ ಹಿರಿದು, ಹಿಂಡಿ, ಮೂಸಿ ನೋಡದೆ ನಾನು ಹೂಂ ಅಂದವನಲ್ಲ. ಈ ಅಭ್ಯಾಸ ಮನೆಗೂ ಬಂದಿದೆ. ಹಾಲಿನವಳ ಚೆಂಬು, ಬಾಳೆಹಣ್ಣಿನ ಚಿಪ್ಪಿನ ಹಿಂಬದಿ, ‘ಸುಮ್ನೆ ನೋಡಿ ಹೋಗಾನ ಅಂತ ಬಂದ್ವಿ’ ಎನ್ನುವ ನೆಂಟರ ಮಾತು, ಎಲ್ಲದರ ತಳವನ್ನೂ ತಡವಿ ನೋಡಬೇಕು ನನಗೆ. ಇಂಥವನಿಗೇ ಆದದ್ದನ್ನು ನಾನೇ ಹೇಳಿಬಿಡುವುದು ವಾಸಿ. ಬೇರೆಯವರ ಬಾಯಿಗೆ ಬಿದ್ದರೆ ಉಪ್ಪುಖಾರ ಹೆಚ್ಚಾಗುತ್ತದೆ.

ನಮ್ಮ ಹಿತ್ತಲ ಗೋಡೆಗೆ ಅಂಟಿಕೊಂಡೇ ಬಸಣ್ಣನ ಮಂಡಕ್ಕಿ ಭಟ್ಟಿ ಇದೆ. ಭಟ್ಟಿಗೆ ಭತ್ತ ಬರುತ್ತದೆ, ಭತ್ತಕ್ಕೆ ಇಲಿ ಬರುತ್ತದೆ, ಇಲಿಗೆಂದು ಬಸಣ್ಣ ಯಾವಾಗಲೋ ಒಂದು ಬೆಕ್ಕು ತಂದ. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಈಗ ನಮ್ಮ ಓಣಿಯಲ್ಲಿ ಮನುಷ್ಯರಿಗಿಂತ ಅವುಗಳ ಮನೆತನವೇ ದೊಡ್ಡದು. ಬಿದ್ದ ಮಂಡಕ್ಕಿ ಹೆಕ್ಕುವುದಕ್ಕೆ ಗುಬ್ಬಿಗಳೂ ಬರುತ್ತವೆ. ಇಲಿಗಾದರೆ ಬಿಲವಿದೆ, ಗುಬ್ಬಿಗೆ ನಮ್ಮ ಮನೆಯೇ ಗತಿ. ನಡುಮನೆಯಲ್ಲಿ ಮುಂದಕ್ಕೆ ವಾಲಿಸಿ ತೂಗುಹಾಕಿದ ಅಪ್ಪನ ಫೋಟೋದ ಹಿಂದೆ ಒಂದು ಜೋಡಿ ಗೂಡು ಕಟ್ಟಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಆ ಫೋಟೋದ ಜೊತೆ ಮಾತಾಡುತ್ತಿದ್ದಳು. ಈಗ ಅಲ್ಲಿಂದ ಚಿಂವ್ ಚಿಂವ್ ಎಂದು ಉತ್ತರವೂ ಬರತೊಡಗಿತು. “ಇದ್ದಾಗ ಇಷ್ಟು ಮಾತಾಡ್ಲಿಲ್ಲ ಪುಣ್ಯಾತ್ಮ” ಎಂದು ಅವ್ವ ನಗುತ್ತಿದ್ದಳು.

ಒಂದು ಬೆಳಿಗ್ಗೆ ಪೂಜೆಗೆಂದು ಅವ್ವ ನಡುಮನೆಗೆ ಬಂದರೆ ಫೋಟೋದ ಕೆಳಗೆ ಮರಿಗುಬ್ಬಿಯ ಗರಿಗಳು, ಒಂದು ಪುಟ್ಟ ಕಾಲು. ಮೊಟ್ಟೆಯ ಹೆಸರನ್ನೂ ಎತ್ತದ ಮನೆ ನಮ್ಮದು. ಅವ್ವ ಅಂದು ಒಂದು ತುತ್ತು ಮುಟ್ಟಲಿಲ್ಲ. ನನಗೆ ಗುಬ್ಬಿಗಿಂತ ಅವ್ವನ ಮುಖ ನೋಡಿ ಸಂಕಟವಾಯಿತು, ಸಂಕಟದ ಹಿಂದೆಯೇ ಸಿಟ್ಟು ಬಂತು. ಹರಿದ ಕಿವಿಯ ಒಂದು ಗಡವ ಬೆಕ್ಕಿನ ಮೇಲೆ ನನಗೆ ಮೊದಲಿಂದಲೂ ಗುಮಾನಿ. ನಾನು ಕಂಡಾಗೆಲ್ಲ ಅದು ಕಣ್ಣು ಮುಚ್ಚಿಕೊಳ್ಳುತ್ತಿತ್ತು. ತಪ್ಪು ಮಾಡದವರು ಹಾಗೇಕೆ ಕಣ್ಣು ಮುಚ್ಚುತ್ತಾರೆ? ನೇರವಾಗಿ ಭಟ್ಟಿಗೆ ಹೋದೆ.

“ಬಸಣ್ಣಾ, ನಿನ್ನ ಬೆಕ್ಕು ನಮ್ಮನಿ ಗುಬ್ಬಿ ತಿಂದೈತೆ.”

“ನನ್ನ ಬೆಕ್ಕಾ? ಯಾರಂದ್ರು ನಿಮಗೆ? ಭಟ್ಟಿಯಾಗೆ ಬೆಕ್ಕು ಅದಾವೆ, ಅಷ್ಟೇರಿ.”

ಇಲಿ ಹಿಡಿದರೆ ಬಸಣ್ಣನವು, ಗುಬ್ಬಿ ಹಿಡಿದರೆ ಊರಿನವು. ಈ ನ್ಯಾಯ ಹೊತ್ತುಕೊಂಡು ಮನೆಗೆ ಬಂದೆ.

ಗುಬ್ಬಿ ಮತ್ತೆ ಮೊಟ್ಟೆ ಇಟ್ಟಿತು, ಮರಿಗಳೂ ಆದವು. ಈ ಸಲ ಬಿಡಬಾರದೆಂದು ನಿರ್ಧರಿಸಿದೆ. ಹಾಲಿಟ್ಟು ಕರೆದರೆ ಆ ಗಡವ ಮೂಸಿಯೂ ನೋಡಲಿಲ್ಲ. ಕೊನೆಗೆ ಭಟ್ಟಿಯ ಬೆಚ್ಚನೆಯ ಬೂದಿಗುಡ್ಡೆಯ ಮೇಲೆ ಮಲಗಿದ್ದಾಗ ಗೋಣಿಚೀಲ ಕವುಚಿ ಹಿಡಿದೆ. ಹೊಳೆ ದಾಟಿಸಿ ಬಿಟ್ಟ ಬೆಕ್ಕು ತಿರುಗಿ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ. ನಮ್ಮೂರಿಗೆ ಹೊಳೆಯಿಲ್ಲ. ಹಾಗಾಗಿ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳಿಸಿಕೊಂಡು ರೈಲಿನಲ್ಲಿ ಹರಿಹರಕ್ಕೆ ಹೋದೆ.

ತುಂಗಭದ್ರೆಯ ಸೇತುವೆಯ ಮೇಲೆ ನನ್ನ ಮುಂದೊಬ್ಬರು ಹೋಗುತ್ತಿದ್ದರು. ನನ್ನದೇ ವಯಸ್ಸು, ಹಣೆಯಲ್ಲಿ ವಿಭೂತಿ, ಶುಭ್ರ ಧೋತರ, ಕೈಯಲ್ಲಿ ಚೀಲ. ಚೀಲ ಅಲುಗಿತು. ಅವರೂ ನನ್ನ ಚೀಲ ನೋಡಿದರು.

“ಬೆಕ್ಕೇನ್ರಿ?”

“ಹೂಂನ್ರಿ. ನಿಮ್ದೂ?”

“ನಮ್ದೂ ಅದೇರಿ. ಹಾಲು ಉಳಿಸಾಕಿಲ್ಲ ನೋಡ್ರಿ. ನಿಮ್ದು ಹಾಲು ಕುಡಿತೈತಾ?”

“ಮೂಸಿನೂ ನೋಡಲ್ಲ” ಎಂದೆ. ನಿಜವೇ ಅಲ್ಲವೆ? “ನಿಮ್ದು ಗುಬ್ಬಿ ಹಿಡಿತೈತೇನ್ರಿ?”

“ಗುಬ್ಬೀನಾ! ತಲೆ ಎತ್ತಿ ಸೈತ ನೋಡಲ್ಲ.”

ಗುಬ್ಬಿ ಹಿಡಿಯದ ಬೆಕ್ಕು ಮನೆಯಲ್ಲಿದ್ದರೆ ಅಡ್ಡಿಯಿಲ್ಲ ಅನ್ನಿಸಿತು ನನಗೆ. ಆಮೇಲೆ ಅವರೇ ಅಂದರು: “ಬಿಟ್ಟ ಬೆಕ್ಕು ಒಂದು ವ್ಯಾಳೆ ಬಂದ್ರೂ ಬಂತು. ಕೊಟ್ಟ ಬೆಕ್ಕು ಬರಲ್ರಿ.” ಚೀಲ ಅದಲುಬದಲಾಯಿತು. ಇಬ್ಬರೂ ಸುಳ್ಳು ಹೇಳಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟೆವು. ಅವರು ಮಾತ್ರ ಬೇಗಬೇಗ ನಡೆದು ಮರೆಯಾದರು. ಅವರ ಚೀಲ ನನ್ನದಕ್ಕಿಂತ ಭಾರವಿತ್ತು. ಉಂಡುಟ್ಟ ಮನೆಯ ಬೆಕ್ಕು ಎಂದುಕೊಂಡೆ. ದಿನವಿಡೀ ಚೀಲದ ತೂಕವನ್ನು ನಂಬದ ನಾನು ಹಾಗೆಂದುಕೊಂಡೆ!

ಮನೆಗೆ ಬಂದು ಅವ್ವನ ಮುಂದೆ ಠೀವಿಯಿಂದ ಹಗ್ಗ ಬಿಚ್ಚಿದೆ. ಒಂದು ಹೆಣ್ಣು ಬೆಕ್ಕು ಹೊರಬಂದು ಮೈ ನೆಕ್ಕಿಕೊಂಡಿತು. ಚೀಲ ಇನ್ನೂ ಅಲುಗಾಡುತ್ತಲೇ ಇತ್ತು. ಅವ್ವ ಚೀಲದ ಬಾಯಗಲಿಸಿ ನೋಡಿದರೆ ತಳದಲ್ಲಿ ಮರಿಗಳ ರಾಶಿ.

“ಹತ್ತಿ ಚೀಲಕ್ಕೆ ಮೊಳಕೈಮಟ ಕೈ ಹಾಕಾನು, ಇದಕ್ಕೆ ಯಾಕ ಹಾಕ್ಲಿಲ್ಲ?”

“ಪರಚಿದ್ರೆ?”

“ಮತ್ತೆ ಗುರ್ತಿಲ್ಲದ ಮನುಷ್ಯನ್ನ ಹೆಂಗೆ ನಂಬಿದಿ?”

“ನೋಡಾಕೆ ನನ್ನಂಗೇ ಇದ್ರು, ಅವ್ವಾ.”

ಅವ್ವ ಅಪ್ಪನ ಫೋಟೋದ ಕಡೆ ತಿರುಗಿ, “ಕೇಳಿಸ್ಕಂಡ್ರಾ?” ಎಂದಳು. ಹಿಂದಿನಿಂದ ಚಿಂವ್ ಎಂದಿತು.

ಗೋಡೆಯಾಚೆ ಇದ್ದ ಭಯವನ್ನು ನಾನೇ ರೈಲು ಹತ್ತಿಸಿ ನಡುಮನೆಗೆ ತಂದಿದ್ದೆ. ಬಾಣಂತಿಯನ್ನು ಹೊರಗೆ ಹಾಕಲು ಅವ್ವನಿಗೆ ಮನಸ್ಸು ಬರಲಿಲ್ಲ. ಸೌದೆಕೋಣೆಯಲ್ಲಿಟ್ಟು ಹಾಲೆರೆದಳು, ಬಾಗಿಲಿಗೆ ಚಿಲಕ ಹಾಕಿದಳು, ತಾನು ಕಸಬರಿಗೆ ಹಿಡಿದು ಫೋಟೋದ ಕೆಳಗೆ ಕೂತಳು. ರೆಕ್ಕೆ ಬಲಿತು ಗುಬ್ಬಿಮರಿಗಳು ಕಿಟಕಿಯಿಂದ ಹಾರಿದ ದಿನ ನನ್ನ ಕಣ್ಣು ಒದ್ದೆಯಾದದ್ದು ನಿಜ. ಅವ್ವ ಅಂದು ಹೋಳಿಗೆ ಮಾಡಿದಳು.

ಎಲ್ಲ ಸುಖವಾಗಿದೆ ಎನ್ನಬಹುದಿತ್ತು. ಆದರೆ ಮನೆಯಲ್ಲಿದ್ದ ಖಾಲಿ ಚೀಲಗಳನ್ನೆಲ್ಲ ಅವ್ವ ಎಲ್ಲಿಯೋ ಬಚ್ಚಿಟ್ಟಿದ್ದಾಳೆ. ಸಂತೆಗೆ ಹೊರಟು ಒಂದು ಚೀಲ ಕೇಳಿದರೆ, “ಯಾಕ? ಎಲ್ಲಿಗೆ?” ಎಂದು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡುತ್ತಾಳೆ. ಆ ನೋಟ ನನಗೆ ಚೆನ್ನಾಗಿ ಗೊತ್ತು. ಬಾಯಿ ಬೆಳ್ಳಗಿರುವ ಹತ್ತಿ ಚೀಲವನ್ನು ನಾನು ನೋಡುವುದು ಹಾಗೆಯೇ.