ಬೀಗರ ಹಳೆಯ ಪಿಕಪ್ಪು, ನನ್ನದೊಂದು ‘ಹೌದ್ರಿ’

ಬೇರೆಯವರ ಕಾರು ಕೆಟ್ಟು ನಿಂತದ್ದನ್ನು ಕಂಡು ಸಂತೋಷಪಡುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡುವುದೇನು, ಅವರ ಮನೆಗೆ ನನ್ನ ಮಗಳನ್ನೇ ಕೊಟ್ಟಿದ್ದೇನೆ!

ಕಾತ್ರಜ್ ಘಾಟಿನ ತಿರುವಿನಲ್ಲಿ ಯಾರಾದರೂ ಬಾನೆಟ್ ಎತ್ತಿ, ಸೊಂಟದ ಮೇಲೆ ಕೈಯಿಟ್ಟು, ಒಳಗಿಂದ ಏಳುವ ಉಗಿಯನ್ನು ನೋಡುತ್ತ ನಿಂತಿದ್ದರೆ ನಿಮಗೂ ನನಗೂ ಅಯ್ಯೋ ಅನಿಸುತ್ತದೆ. ನಮ್ಮ ಬೀಗರಿಗೆ ಹಾಗಲ್ಲ. ಮದುವೆಮನೆಯಲ್ಲಿ ಬಹಳ ದಿನಗಳ ಮೇಲೆ ನೆಂಟ ಸಿಕ್ಕಂತೆ ಅವರ ಮುಖ ಅರಳುತ್ತದೆ. "ಅಲ್ಲೆ ನೋಡ್ರಿ ಬೀಗರ, ಪಾಪ, ಎಷ್ಟ್ ಚಂದ ನಿಂತದ!" ಎನ್ನುತ್ತಾರೆ. ‘ಪಾಪ’ ಮತ್ತು ‘ಚಂದ’ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಮನುಷ್ಯ ಪುಣೆಯಲ್ಲಿ ಅವರೊಬ್ಬರೇ.

ಅವರ ಕಸುಬೇ ಅದು. ಕೆಟ್ಟ ಗಾಡಿಗಳನ್ನು ತಮ್ಮ ಪಿಕಪ್ಪಿಗೆ ಹಗ್ಗದಿಂದ ಕಟ್ಟಿ ಧನಕವಡಿಯ ಗ್ಯಾರೇಜುಗಳಿಗೆ ಎಳೆದು ತರುವುದು. ಇಲ್ಲಿಯವರು ಅದಕ್ಕೆ ಟೋಚನ್ ಎನ್ನುತ್ತಾರೆ. ಬೆಳಗಾವಿ ಕಡೆಯಿಂದ ಹರೆಯದಲ್ಲೇ ಬಂದವರು, ಪುಣೆಯಲ್ಲಿ ಎಳೆಯದ ಗಾಡಿಯಿಲ್ಲ. ಆದರೆ ಎಳೆಯುವ ಆ ಪಿಕಪ್ಪಿನ ಕಥೆ ಕೇಳಿದರೆ, ಅದನ್ನೇ ಯಾರಾದರೂ ಎಳೆಯಬೇಕಿತ್ತು ಅನಿಸುತ್ತದೆ.

ಅದಕ್ಕೆ ಚಾವಿ ಇತ್ತು, ನಿಜ. ಆದರೆ ಚಾವಿಯಿಂದ ಅದು ಚಾಲೂ ಆಗುತ್ತಿರಲಿಲ್ಲ. ಇಳಿಜಾರಿನಲ್ಲಿ ಬಿಡಬೇಕು, ಉರುಳಬೇಕು, ಉರುಳುತ್ತಿರುವಾಗ ಗೇರಿಗೆ ಹಾಕಬೇಕು, ಆಗ ಅದು ಒಮ್ಮೆ ಮೈ ಕೊಡವಿ, ಕೆಮ್ಮಿ, ಏಳುತ್ತಿತ್ತು. ಮನೆ ಕೊಳ್ಳುವಾಗ ಜನ ನೀರು ನೋಡುತ್ತಾರೆ, ಗಾಳಿ ಬೆಳಕು ನೋಡುತ್ತಾರೆ. ನಮ್ಮ ಬೀಗರು ಇಳಿಜಾರು ನೋಡಿದರು! ಧನಕವಡಿಯ ಅತಿ ಕಡಿದಾದ ಗಲ್ಲಿಯ ತುದಿಯಲ್ಲಿದೆ ಅವರ ಮನೆ. ಹಾಲಿನವನು ಅಲ್ಲಿಗೆ ಏದುಸಿರು ಬಿಡುತ್ತ ಬರುತ್ತಾನೆ.

ನನ್ನ ಮಗಳನ್ನು ನೋಡಲು ಅವರು ಬಂದಾಗ ನಾನಿನ್ನೂ ಖಡಕಿಯಲ್ಲಿ, ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸಕ್ಕಿದ್ದೆ. ಮಟಮಟ ಮಧ್ಯಾಹ್ನ ಗಂಡಿನ ಕಡೆಯವರೆಲ್ಲ ನಡೆದುಕೊಂಡು ಬಂದರು. ಗಂಡಿನ ಅಜ್ಜಿಯೂ ನಡೆದೇ ಬಂದಿದ್ದಳು, ಬೆವರು ಒರೆಸಿಕೊಳ್ಳುತ್ತ. ಗಾಡಿ ಇದ್ದವರು, ಆದರೂ ಎಂಥ ಸರಳ ಜನ! "ಇಂಥಾ ಮಂದಿ ಮತ್ತ ಸಿಗಂಗಿಲ್ಲ" ಎಂದು ಹೆಂಡತಿಗೆ ಅಡುಗೆಮನೆಯಲ್ಲೇ ಹೇಳಿ ಒಪ್ಪಿಗೆ ಕೊಟ್ಟುಬಿಟ್ಟೆ. ಖಡಕಿಯ ನಮ್ಮ ಓಣಿ ಸಮತಟ್ಟು, ಆದ್ದರಿಂದ ಪಿಕಪ್ಪನ್ನು ದೂರದ ಸೇತುವೆಯ ಏರಿನ ಮೇಲೆ ನಿಲ್ಲಿಸಿ ಬಂದಿದ್ದರು ಎಂಬುದು ತಿಳಿದಾಗ ಮಗಳು ಸೀಮಂತಕ್ಕೆ ಬಂದಿದ್ದಳು!

ಇಲ್ಲಿ ನನ್ನ ರೋಗವನ್ನೂ ಹೇಳಿಬಿಡಬೇಕು, ಯಾಕೆಂದರೆ ಇದು ಒಪ್ಪಿಕೊಳ್ಳಬೇಕಾದ ಮಾತು. ನಮ್ಮ ಧಾರವಾಡದ ಕಡೆ, ನಮ್ಮ ಮನೆತನದಲ್ಲಂತೂ, ಹೆಣ್ಣು ಕೊಟ್ಟವನು ಗಂಡಿನ ತಂದೆಗೆ ಎದುರಾಡುವುದಿಲ್ಲ. ಬೀಗರು ಏನಂದರೂ ‘ಹೌದ್ರಿ’. ಬಿಸಿಲು ಭಾಳ ಅದ ಅಂದರೆ ಹೌದ್ರಿ. ಅದೇನ್ ಅಂಥಾ ಬಿಸಿಲಲ್ಲ ಅಂದರೆ ಅದಕ್ಕೂ ಹೌದ್ರಿ. ಹತ್ತನೆಯ ಇಯತ್ತೆ ಪಾಸಾದ ನನಗೆ ಸ್ವಂತ ಅಭಿಪ್ರಾಯ ಇರಲಿಲ್ಲವೆಂದಲ್ಲ. ಅವರ ಎದುರು ಅದು ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ.

ನಾನು ನಿವೃತ್ತನಾಗಿ ಮಗಳ ಮನೆಯ ಹತ್ತಿರವೇ ಧನಕವಡಿಗೆ ಬಂದು ನೆಲೆಸಿದ ಹೊಸತು. ಒಂದು ದಿನ ಬೀಗರು ಬಾಗಿಲಲ್ಲಿ ನಿಂತು, "ಬೀಗರ, ನಿಮಗ ಸ್ಟೇರಿಂಗ್ ಹಿಡ್ಯಾಕ ಬರ್ತದಲ್ರಿ?" ಎಂದರು.

ನಾನು ಹುಟ್ಟಿದಾರಭ್ಯ ಸ್ಕೂಟರ್ ಬಿಟ್ಟು ಬೇರೇನೂ ಓಡಿಸಿದವನಲ್ಲ. "ಹೌದ್ರಿ" ಅಂದೆ.

ಹಗ್ಗ ಕಟ್ಟಿ ಎಳೆಯುವಾಗ ಹಿಂದಿನ ಕೆಟ್ಟ ಕಾರಿನಲ್ಲಿ ಒಬ್ಬ ಮನುಷ್ಯ ಕೂತಿರಲೇಬೇಕು. ಹಗ್ಗ ಎಳೆಯುತ್ತದೆಯೇ ಹೊರತು ನಿಲ್ಲಿಸುವುದಿಲ್ಲವಲ್ಲ! ಮುಂದಿನ ಗಾಡಿ ತಿರುಗಿದರೆ ಹಿಂದಿನವನು ತಿರುಗಿಸಬೇಕು. ಅವರು ಬ್ರೇಕ್ ಹಾಕುವ ಮೊದಲೇ ಇವನು ಹಾಕಬೇಕು. ಎಂಜಿನ್ ಸತ್ತ ಕಾರಿನ ಬ್ರೇಕು ಕಲ್ಲಿನಂತಿರುತ್ತದೆ, ಎರಡೂ ಕಾಲು ಹಚ್ಚಿ ತುಳಿಯಬೇಕು. ಆ ಮನುಷ್ಯ ನಾನಾದೆ. ಪಿಕಪ್ಪಿನಲ್ಲಿ ಬೀಗರ ಪಕ್ಕದ ಸೀಟು ಎಂದೋ ಕಿತ್ತುಹೋಗಿತ್ತು, ಹೀಗಾಗಿ ಹೋಗುವಾಗಲೂ ನಾನು ಹಿಂದೆ ಹಗ್ಗದ ಸುರುಳಿಯ ಮೇಲೇ ಕೂರುತ್ತಿದ್ದೆ. ಬೀಗರು ಮೊದಲು ಖಾಲಿ ಮೈದಾನದಲ್ಲಿ ನನ್ನನ್ನು ಸುತ್ತಿಸಿ ಸುತ್ತಿಸಿ ಕಲಿಸಿದರು. ಹೀಗಾಗಿ ನಾನು ಕಾರು ಕಲಿತದ್ದೆಲ್ಲ ಕೆಟ್ಟ ಕಾರುಗಳಲ್ಲೇ. ಎಂಜಿನ್ ಚಾಲೂ ಇರುವ ಕಾರು ಓಡಿಸಲು ನನಗೆ ಇವತ್ತಿಗೂ ಬರುವುದಿಲ್ಲ!

ಒಮ್ಮೆ ಘಾಟಿನ ನಡುವೆ ಪಿಕಪ್ಪು ತಾನೇ ನಿಂತುಬಿಟ್ಟಿತು. ಅದೂ ಏರಿನಲ್ಲಿ. ಹಿಂದೆ ಹಗ್ಗಕ್ಕೆ ಕಟ್ಟಿದ್ದ ಕಾರಿನ ಮಾಲೀಕ ಒಬ್ಬ ಮರಾಠಿ ಮೇಷ್ಟ್ರು. ಅವರು ಇಳಿದು ಬಂದು, "ಕಾಕಾ, ಆತಾ ಕಾಯ್?" ಎಂದರು. ಈಗೇನು ಗತಿ ಎಂದು.

ಬೀಗರು ಶಾಂತವಾಗಿ, ನಿಮ್ಮ ಗಾಡಿಯನ್ನು ಒಮ್ಮೆ ಚಾಲೂ ಮಾಡಿ ನೋಡಿ ಎಂದು ಮರಾಠಿಯಲ್ಲೇ ಹೇಳಿದರು. ಅಷ್ಟು ಹೊತ್ತಿಗೆ ತಣ್ಣಗಾಗಿದ್ದ ಕಾರು ಚಾವಿ ತಿರುಗಿಸಿದ ಕೂಡಲೇ ಎದ್ದಿತು! ಹಗ್ಗದ ತುದಿಗಳು ಅದಲುಬದಲಾದವು. ಕಾರು ಮುಂದೆ, ಪಿಕಪ್ಪು ಹಿಂದೆ. ಹಾಗೇ ಧನಕವಡಿಯವರೆಗೆ ಬಂದೆವು. ಮೇಷ್ಟ್ರು ಸಿಟ್ಟಾಗಬೇಕಲ್ಲವೇ? ಬೀಗರು ಅವರ ಕೈಕುಲುಕಿ, "ನಿಮ್ಮ ಗಾಡಿ ಆರಾಮಾತಲ್ರಿ, ಅದನ್ನ ನೋಡ್ರಿ!" ಎಂದು ಕನ್ನಡದಲ್ಲಿ ಅಭಿನಂದಿಸಿ ಕಳಿಸಿದರು.

ನಗುತ್ತೀರಿ. ನಾನೂ ನಗುತ್ತಿದ್ದೆ. ಆದರೆ ಸಂಜೆ ಘಾಟು ಇಳಿಯುವಾಗ, ಎಂಜಿನ್ನಿನ ಸದ್ದಿಲ್ಲದ ಕಾರಿನಲ್ಲಿ ಕೂತು, ಟೈರಿನ ಸುಯ್ ಸದ್ದೊಂದನ್ನೇ ಕೇಳುತ್ತ, ಮುಂದೆ ಬೀಗರ ಬೋಳು ತಲೆಯನ್ನು ನೋಡುತ್ತ ಬರುವುದಿದೆಯಲ್ಲ! ಕೆಳಗೆ ಊರಿನ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿರುತ್ತವೆ. ಹಗ್ಗ ಸಡಿಲವಾಗಬಾರದು, ಜಗ್ಗಬಾರದು. ಅವರು ಕಿಟಕಿಯಿಂದ ಕೈ ಹೊರಗೆ ಚಾಚಿದರೆ ಸಾಕು, ನನ್ನ ಕಾಲು ಬ್ರೇಕಿನ ಮೇಲಿರುತ್ತಿತ್ತು. ಕೊನೆಕೊನೆಗೆ ಅವರು ಕೈ ಚಾಚುವ ಮೊದಲೇ ನನಗೆ ತಿಳಿಯುತ್ತಿತ್ತು. ಸ್ಟೋರಿನಲ್ಲಿ ಇಡೀ ಆಯುಷ್ಯ ನಟ್ಟು ಬೋಲ್ಟು ಕೊಟ್ಟವನು ನಾನು. ಒಬ್ಬ ಮನುಷ್ಯನಿಗೆ ನಾನು ಹಿಂದಿದ್ದೇನೆಂಬ ಧೈರ್ಯ ಕೊಟ್ಟದ್ದು ಅಲ್ಲಿಯೇ ಮೊದಲು.

ಇಷ್ಟು ಪ್ರೀತಿಯ ಗಾಡಿಯನ್ನು ನಾನೇ ಕಳೆದೆ. ಅದೂ ಒಂದು ಭಾನುವಾರ, ಅವರ ಮನೆಯಲ್ಲಿ ಝುಣಕ ಭಕ್ರಿ ತಿನ್ನುತ್ತ.

ಅಳಿಯ ಮಾತು ತೆಗೆದ. "ಅಪ್ಪಾ, ಹಗ್ಗಾ ಕಟ್ಟೂ ಕಾಲ ಹೋತು. ಹೊಸಾ ಪಿಕಪ್ಪಿಗೆ ಹಿಂದ ಕಬ್ಬಿಣದ ತೋಳ ಇರ್ತದ, ಮುಂದಿನ ಗಾಲಿ ಎತ್ತಿ ಹಿಡಕೋತದ. ಹಿಂದ ಮನಶ್ಯಾನ ಬೇಕಾಗಿಲ್ಲ."

ಮಗಳೂ ಹೂಂಗುಟ್ಟಿದಳು. ಬೀಗರು ಭಕ್ರಿ ಮುರಿಯುವುದನ್ನು ನಿಲ್ಲಿಸಿ, "ನಮ್ಮ ಬೀಗರು ಹೇಳ್ಲಿ. ಅವರು ಹೆಂಗಂತಾರ ಹಂಗ" ಎಂದು ನನ್ನ ಕಡೆ ತಿರುಗಿದರು. "ಹಳೇದ ಕೊಟ್ಟು ಹೊಸಾದ ತರೂದ ಚಲೋ, ಅಲ್ಲೇನ್ರಿ?"

‘ಬ್ಯಾಡ್ರಿ’ ಎಂಬ ಮಾತು ಗಂಟಲಿನವರೆಗೆ ಬಂದಿತ್ತು. ದೇವರಾಣೆ ಬಂದಿತ್ತು! ಆದರೆ ಬೀಗರು ಕೇಳಿದ್ದಾರೆ, ಎದುರಿಗೆ ಮಗಳಿದ್ದಾಳೆ, ತಟ್ಟೆಯಲ್ಲಿ ಅವರ ಮನೆಯ ಭಕ್ರಿಯಿದೆ.

"ಹೌದ್ರಿ" ಅಂದೆ.

ಅವರು ಒಮ್ಮೆ ನನ್ನ ಕಾಲಿನ ಕಡೆ ನೋಡಿದರು. ಆಮೇಲೆ, "ಆತು ಬಿಡ್ರಿ, ಮುಗೀತು" ಎಂದು ಊಟ ಮುಂದುವರಿಸಿದರು.

ಗುಜರಿಯವನು ಬಂದ ದಿನ ನಾನೂ ಇದ್ದೆ. ಗುಜರಿಗೆ ಪುಣೆಯಲ್ಲಿ ಭಂಗಾರ ಎನ್ನುತ್ತಾರೆ, ಏನು ಹೇಳೋಣ! ಅವನು ಎಳೆದೊಯ್ಯಲು ಲಾರಿ ತಂದಿದ್ದ. ಬೀಗರು ಲಾರಿ ಬೇಡವೆಂದರು. ಪಿಕಪ್ಪಿನಲ್ಲಿ ಕೂತು ಬ್ರೇಕು ಬಿಟ್ಟರು. ಅದು ಗಲ್ಲಿಯ ಇಳಿಜಾರಿನಲ್ಲಿ ಉರುಳಿತು, ಕೆಮ್ಮಿತು, ಎದ್ದಿತು, ತನ್ನ ಕಾಲ ಮೇಲೆ ತಾನೇ ಹೋಯಿತು.

ಹೊಸದು ಬಂತು. ಸುಳ್ಳು ಹೇಳಬಾರದು, ಹೊಸದು ಒಳ್ಳೆಯದು. ಸಮತಟ್ಟಿನಲ್ಲಿ ಚಾಲೂ ಆಗುತ್ತದೆ! ಏದುಸಿರಿಲ್ಲದೆ ಘಾಟು ಹತ್ತುತ್ತದೆ. ಗುಂಡಿ ಒತ್ತಿದರೆ ಕೆಟ್ಟ ಕಾರನ್ನು ತಾಯಿ ಮಗುವನ್ನೆತ್ತಿದಂತೆ ಎತ್ತಿಕೊಳ್ಳುತ್ತದೆ. ಹಿಂದೆ ಏನಿದೆಯೆಂದು ತೋರಿಸಲು ಪುಟ್ಟ ಟೀವಿ ಇದೆ. ದಾರಿ ಹೇಳಲು ಅದರೊಳಗೆ ಒಬ್ಬ ಹೆಣ್ಣುಮಗಳು ಇದ್ದಾಳೆ. ಅವಳು ಎಡಕ್ಕೆ ತಿರುಗಿ ಅಂದರೆ ಬೀಗರು, "ನೀ ಹುಟ್ಟೂಕಿಂತ ಮೊದ್ಲ ಈ ರಸ್ತಾ ನೋಡೇನವಾ, ಸುಮ್ನ ಕೂಡು" ಎಂದು ಬಲಕ್ಕೆ ತಿರುಗುತ್ತಾರಂತೆ.

ಒಂದು ದಿನ ಗಿರಣಿಯಿಂದ ಜೋಳದ ಹಿಟ್ಟಿನ ಚೀಲ ತಂದು ಪಕ್ಕದ ಸೀಟಿನ ಮೇಲೆ ಇಟ್ಟರಂತೆ. ಗಾಡಿ ಕುಂಯ್ ಕುಂಯ್ ಎಂದು ಅಳತೊಡಗಿತು. ಮನುಷ್ಯ ಕೂತಿದ್ದಾನೆ, ಬೆಲ್ಟು ಹಾಕಿಲ್ಲ ಎಂಬುದು ಅದರ ತಕರಾರು! ಎಷ್ಟು ಗದರಿಸಿದರೂ ಸುಮ್ಮನಾಗಲಿಲ್ಲ. ಕೊನೆಗೆ ಬೀಗರು ಹಿಟ್ಟಿನ ಚೀಲಕ್ಕೆ ಬೆಲ್ಟು ಬಿಗಿದು ಮನೆಗೆ ಕರೆತಂದರು. ಮಗಳು ಇದನ್ನು ಹೇಳಿ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಆ ಗಾಡಿಯಲ್ಲಿ ಹಿಟ್ಟಿಗೆ ಜಾಗವಿದೆ, ನನಗಿಲ್ಲ ಎಂದೇ ಅನಿಸಿತು. ಹಿಟ್ಟಿನ ಚೀಲದ ಮೇಲೆ ಹೊಟ್ಟೆಕಿಚ್ಚು ಪಟ್ಟ ಮುದುಕನನ್ನು ನೀವು ನೋಡಿದ್ದೀರಾ? ಈಗ ಓದುತ್ತಿದ್ದೀರಿ.

ಬೀಗರು ಕರೆಯುವುದನ್ನು ಬಿಟ್ಟರು. ಹಿಂದೆ ಮನುಷ್ಯ ಬೇಕಾಗಿಲ್ಲವಲ್ಲ, ಯಾಕೆ ಕರೆದಾರು? ನಾನು ಮಹಡಿಯ ಗ್ಯಾಲರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ. ಹೊಸ ಪಿಕಪ್ಪು ಸದ್ದೇ ಮಾಡುವುದಿಲ್ಲ. ಹಳೆಯದಾದರೆ ಗಲ್ಲಿಯ ತಿರುವಿನಲ್ಲೇ ತಿಳಿಯುತ್ತಿತ್ತು, ಚಪ್ಪಲಿ ಮೆಟ್ಟಿಕೊಂಡು ಇಳಿಯಲು ಸಮಯ ಸಿಗುತ್ತಿತ್ತು. ಇದು ಯಾವಾಗ ಬಂತೋ, ಯಾವಾಗ ಹೋಯಿತೋ!

"ಹಿಂಗ ದಾರಿ ಕಾಯೂಬದ್ಲಿ ನೀವ ಹೋಗಿ ಮಾತಾಡ್ರಿ" ಎಂದಳು ಹೆಂಡತಿ.

"ಏನಂತ ಮಾತಾಡ್ಲೆ?"

"ಅವತ್ತ ಸುಳ್ಳ ಹೇಳಿದ್ನಿ ಅಂತ. ಮತ್ತೇನಂತ?"

ಅವಳಿಗೆ ಅದು ಮೊದಲೇ ಗೊತ್ತಿತ್ತು. ಇಡೀ ಧನಕವಡಿಯಲ್ಲಿ ಗೊತ್ತಿಲ್ಲದವರು ಬೀಗರೊಬ್ಬರೇ ಇರಬೇಕು ಎಂದುಕೊಂಡು, ಒಂದು ಬೆಳಗ್ಗೆ ಅವರ ಗಲ್ಲಿ ಹತ್ತಿದೆ. ಬೀಗರು ಹೊಸ ಪಿಕಪ್ಪಿನ ಗಾಜು ಒರೆಸುತ್ತಿದ್ದರು. ಏದುಸಿರಿನಲ್ಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಉಸಿರು ಬಂದ ಮೇಲೆ ಧೈರ್ಯ ಹೋಗುತ್ತಿತ್ತು.

"ಬೀಗರ, ನನಗ ಹಳೇ ಗಾಡೀನ ಬೇಕಾಗಿತ್ರಿ."

ಅರಿವೆ ಹಿಡಿದ ಕೈ ನಿಂತಿತು. "ಮತ್ತ ಅವತ್ತ ಹೌದ್ರಿ ಅಂದ್ರಿ?"

"ನಾ ಹೆಣ್ಣ ಕೊಟ್ಟಾಂವ್ರಿ. ಬ್ಯಾಡ ಅನ್ನಾಕ ಬಾಯಿ ಬರ್ಲಿಲ್ಲ. ತಪ್ಪಾತು."

ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಗಾಜಿನ ಕಡೆಯೇ ನೋಡುತ್ತ ಹೇಳಿದರು: "ಪ್ರತಿ ಸರ್ತಿ ಗಾಡಿ ಇಳದ ಮ್ಯಾಲೆ ನೀವು ಗ್ವಾಡಿ ಹಿಡಕೊಂಡ ಹೋಗ್ತಿದ್ರಿ. ಮೊಣಕಾಲ ತಿಕ್ಕೋತ. ಆ ಬ್ರೇಕ್ ತುಳದ ತುಳದ ನಿಮ್ಮ ಕಾಲ ಹೋಗಿತ್ತು. ನಾ ನೋಡ್ತಿರ್ಲಿಲ್ಲ ಅಂತ ತಿಳಕೊಂಡ್ರೇನ್ರಿ? ನೋಡ್ತಿದ್ನಿ. ಹಳೇದನ್ನ ಇಟ್ಕೊಂಡ್ರ ನೀವು ಬರೂದ ಬಿಡಂಗಿಲ್ಲ. ಅದಕ್ಕ ಕೇಳಿದ್ನಿ. ನೀವು ಹೌದ್ರಿ ಅಂದ ಕೂಡ್ಲೆ, ಹಂಗಾರ ಭಾಳ ನೋವದ ಅಂತ ತಿಳದ್ನಿ."

ನನ್ನ ಮೊಣಕಾಲಿಗಾಗಿ ಅವರು ತಮ್ಮ ಪ್ರಾಣವನ್ನು ಗುಜರಿಯವನಿಗೆ ಕೊಟ್ಟಿದ್ದರು. ನಾನು ಅದೇ ಮೊಣಕಾಲು ತಿಕ್ಕುತ್ತ ಗ್ಯಾಲರಿಯಲ್ಲಿ ಕೂತು ಅವರಿಗೆ ನಾನು ಬೇಡವಾದೆ ಎಂದುಕೊಂಡಿದ್ದೆ.

ಅಷ್ಟರಲ್ಲಿ ಅವರ ಫೋನು ಬಡಿದುಕೊಂಡಿತು. ಘಾಟಿನಲ್ಲಿ ಯಾರದೋ ಕಾರು ನಿಂತಿತ್ತು. ಈ ಸಲ ಅವರ ಮುಖ ಅರಳಲಿಲ್ಲ. ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟು ನಿಂತರು.

"ಅಲ್ಲೆ ನಿಮಗೇನೂ ಕೆಲಸಿಲ್ರಿ, ಬೀಗರ. ಎಲ್ಲಾ ಗಾಡೀನ ಮಾಡ್ತದ. ಮನ್ಯಾಗ ಆರಾಮ ಕೂಡೂದ ಚಲೋ, ಅಲ್ಲೇನ್ರಿ?"

"ಅಲ್ರಿ" ಅಂದೆ.

ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಬೀಗರಿಗೂ ಸಿಗಲಿಲ್ಲವೇನೋ, ಯಾರು ಮಾತಾಡಿದರೆಂಬಂತೆ ನನ್ನ ಹಿಂದೆಲ್ಲ ನೋಡಿದರು. ಆಮೇಲೆ ಸುತ್ತು ಹಾಕಿಕೊಂಡು ನನ್ನ ಕಡೆ ಬಂದರು, ಇನ್ನೊಂದು ಬಾಗಿಲು ತೆರೆದರು, ನನ್ನ ರಟ್ಟೆ ಹಿಡಿದು ಹತ್ತಿಸಿದರು.

ಇಷ್ಟು ವರ್ಷ ಒಟ್ಟಿಗೆ ಓಡಾಡಿದವರು ನಾವು. ನಡುವೆ ಯಾವಾಗಲೂ ಒಂದು ಹಗ್ಗದಷ್ಟು ದೂರವಿತ್ತು. ಪಕ್ಕಪಕ್ಕದಲ್ಲಿ ಕೂತದ್ದು ಇದೇ ಮೊದಲು. ಇಬ್ಬರಿಗೂ ನಾಚಿಕೆಯಾಯಿತು. ಕಾತ್ರಜ್ ಚೌಕ ದಾಟಿತು. ಘಾಟು ಶುರುವಾಯಿತು. ಬೀಗರು ಯಾಕೋ ಗಾಡಿಯನ್ನು ಬಹಳ ಸಾವಕಾಶ ಓಡಿಸುತ್ತಿದ್ದರು. ಹಿಂದಿನವರು ಹಾರ್ನ್ ಬಾರಿಸಿ ಬಾರಿಸಿ ಮುಂದೆ ಹೋದರು. ನಾನು ರಸ್ತೆಯ ಅಂಚನ್ನೇ ನೋಡುತ್ತ ಕೂತಿದ್ದೆ. ಅಲ್ಲಿ ಯಾರೋ ಪಾಪ, ಮಕ್ಕಳುಮರಿ ಕಟ್ಟಿಕೊಂಡು ಬಿಸಿಲಲ್ಲಿ ನಮಗಾಗಿ ಕಾಯುತ್ತಿರುತ್ತಾರೆ. ಅದು ಗೊತ್ತಿದ್ದೂ, ತಪ್ಪೆಂದು ತಿಳಿದೂ, ದೇವರೇ, ಆ ಕಾರು ಇನ್ನೂ ಸ್ವಲ್ಪ ದೂರದಲ್ಲಿ ಕೆಟ್ಟು ನಿಂತಿರಲಿ ಎಂದು ಬೇಡಿಕೊಂಡೆ.