ಗಿರಿಜೆಯ ಕಥೆಗಳಿಗೆ ಬಂದ ಮುಯ್ಯಿ

ಜಾಹೀರಾತು ಎಂದರೆ ನನಗೆ ಮೈ ಉರಿಯುತ್ತದೆ. ಟಿ.ವಿ.ಯಲ್ಲಿ ಬಂದರೆ ಧ್ವನಿ ಅಡಗಿಸುತ್ತೇನೆ. ಕಂಪ್ಯೂಟರಿನಲ್ಲಿ ಜಾಹೀರಾತು ತಡೆಯುವ ತಂತ್ರಾಂಶ ಹಾಕಿಕೊಂಡ ದಿನ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಟೀ ಕುಡಿಸಿದ್ದೆ. ಒಳ್ಳೆಯದೆಲ್ಲ ಪುಕ್ಕಟೆ ಸಿಗಬೇಕು, ಅದರ ಪಕ್ಕದಲ್ಲಿ ಬೊಜ್ಜು ಕರಗಿಸುವ ಎಣ್ಣೆಯ ಚಿತ್ರ ಇರಬಾರದು ಎಂಬುದು ನನ್ನ ಸಿದ್ಧಾಂತ. ಸಿದ್ಧಾಂತ ಇಟ್ಟುಕೊಳ್ಳಲು ಏನೂ ಖರ್ಚಿಲ್ಲ ನೋಡಿ.

ಖರ್ಚು ಬಂದದ್ದು ನನ್ನ ಹೆಂಡತಿ ಗಿರಿಜೆಗೆ. ಹಾವೇರಿ ಕಡೆಯವಳು. ಅವಳ ಅವ್ವ ರೊಟ್ಟಿ ಬಡಿಯುತ್ತಾ ಕಥೆ ಹೇಳುತ್ತಿದ್ದರಂತೆ. ಅವ್ವ ತೀರಿಕೊಂಡ ಮೇಲೆ, ಮರೆತುಹೋಗುವ ಮೊದಲು ಅವನ್ನೆಲ್ಲ ಹೇಳಿಬಿಡಬೇಕು ಎಂಬ ಹಟ ಇವಳಿಗೆ ಹುಟ್ಟಿತು. ಚಿಕ್ಕಬಾಣಾವರದ ನಮ್ಮ ಅಡುಗೆಮನೆಯಲ್ಲಿ ಫ್ಯಾನು, ಕುಕ್ಕರು, ನನ್ನ ಬಾಯಿ ಮೂರನ್ನೂ ಬಂದ್ ಮಾಡಿಸಿ, ಮೊಬೈಲಿಗೆ ಕಥೆ ಹೇಳಿ ಅಂತರ್ಜಾಲದಲ್ಲಿ ಹಾಕತೊಡಗಿದಳು. ಕೇಳುವವರು ಹೆಚ್ಚಾದರು. ವೈಟ್‌ಫೀಲ್ಡಿನ ಕ್ಯಾಬ್ ಚಾಲಕರೊಬ್ಬರು, "ಕಂಪನಿ ಗೇಟ್ ಮುಂದೆ ಕಾಯೋವಾಗ ನಿಮ್ ಕಥೆ ಕೇಳ್ತೀನಿ ಮೇಡಂ, ಊರಲ್ಲಿ ಕೂತಂಗೆ ಆಗ್ತದೆ" ಎಂದು ಬರೆದಿದ್ದರು. ಆದರೆ ಅಷ್ಟೊಂದು ಧ್ವನಿಮುದ್ರಣ ಇಡಲು ಅಲ್ಲಿಯೂ ಬಾಡಿಗೆ ಕಟ್ಟಬೇಕು, ಇಲ್ಲದಿದ್ದರೆ ಕಥೆಗಳನ್ನು ಅಳಿಸಿಬಿಡುತ್ತಾರೆ. ಗಿರಿಜೆ ತನ್ನ ಕಥೆಗಳ ಪುಟದ ಅಂಚಿನಲ್ಲಿ ಜಾಹೀರಾತಿಗೆ ಜಾಗ ಕೊಟ್ಟಳು.

ನಾನು ಸಿಡಿದೆ. "ಮಠದ ದಾಸೋಹದಲ್ಲಿ ಊಟದ ಪಕ್ಕ ಯಾರಾದರೂ ಬೋರ್ಡು ನಿಲ್ಲಿಸ್ತಾರಾ?" ಎಂದೆ.

"ದಾಸೋಹಕ್ಕೂ ಯಾರರ ಅಕ್ಕಿ ಚೀಲ ಹೊತ್ತು ತಂದಿರ್ತಾರ್ರೀ. ನಿಮಗ ಎಲಿ ಅಷ್ಟ ಕಾಣತೈತಿ" ಎಂದಳು. ವಾದದಲ್ಲಿ ಸೋತಾಗ ನಾನು ಎದುರಿನವರ ಪಕ್ಷ ಸೇರಿಬಿಡುತ್ತೇನೆ, ಅದೂ ವಿಪರೀತ ಉತ್ಸಾಹದಿಂದ. ದೊಡ್ಡನೆಕ್ಕುಂದಿಯಲ್ಲಿ ನಮ್ಮ ಸೋದರಮಾವನ ಗೃಹಪ್ರವೇಶಕ್ಕೆ ಹೋದಾಗ, ಬಂದ ನೆಂಟರಿಗೆಲ್ಲ ವಿಷಯ ಹೇಳಿ, ಆ ಜಾಹೀರಾತುಗಳನ್ನು ಒತ್ತಿದರೆ ಗಿರಿಜೆಗೆ ಆದಾಯ ಎಂದು ವಿವರಿಸಿದೆ.

ನಮ್ಮ ಕಡೆ ಮುಯ್ಯಿ ಎಂದರೆ ಬಹಳ ಗಂಭೀರ. ನಿಮ್ಮ ಮನೆಯ ಲಗ್ನದಲ್ಲಿ ನಾವು ಕೊಟ್ಟರೆ, ನಮ್ಮ ಮನೆಯ ಕಾರ್ಯಕ್ಕೆ ನೀವು ತಿರುಗಿ ಕೊಡಬೇಕು. ಉಳಿಸಿಕೊಂಡರೆ ಮುಖ ತೋರಿಸುವಂತಿಲ್ಲ. ಮಾವ ಎದೆ ಮೇಲೆ ಕೈ ಇಟ್ಟು, "ನನ್ನ ಮಗಳ ಲಗ್ನದ ಮುಯ್ಯಿ ನಮ್ಮ ಮ್ಯಾಲೆ ಹಂಗ ಉಳದೈತಿ. ಒತ್ತಿ ತೀರಸ್ತೀವಿ ತಗೋ" ಎಂದರು. ತೀರಿಸಿದರು. ಬೀಗರು, ಬೀಗರ ಬೀಗರು, ಎಲ್ಲರೂ ಪೂಜೆ ಮುಗಿಸಿ ವಿಭೂತಿ ಹಚ್ಚಿದ ಕೈಯಿಂದಲೇ ಒತ್ತಿದರು. ಕಥೆಯನ್ನು ಮಾತ್ರ ಯಾರೂ ಕೇಳಲಿಲ್ಲ, ಅದಕ್ಕೆ ಪುರುಸೊತ್ತೆಲ್ಲಿ? ಒಂದೇ ಬಳಗದವರಿಗೆ ಬೊಜ್ಜಿನ ಎಣ್ಣೆಯ ಮೇಲೆ ಇಷ್ಟೊಂದು ಆಸೆ ಇರಲಾರದೆಂದು ಜಾಹೀರಾತಿನ ಕಂಪನಿಗೆ ಅನುಮಾನ ಬಂತು. ಸುಳ್ಳು ಒತ್ತುವಿಕೆ ಎಂಬ ಆರೋಪದ ಮೇಲೆ ಗಿರಿಜೆಯ ಜಾಹೀರಾತಿನ ಖಾತೆಯನ್ನು ಶಾಶ್ವತವಾಗಿ ಮುಚ್ಚಿತು.

ಅವಳು ಬೈಯಲಿಲ್ಲ. "ಇನ್ನ ಫ್ಯಾನ್ ಹಾಕ್ಕೋರಿ" ಎಂದಳು, ಅಷ್ಟೆ. ಆ ಫ್ಯಾನಿನ ಗಾಳಿಯಲ್ಲಿ ಕೂತು ಉಣ್ಣುವುದು ನನಗೆ ಬಹಳ ಕಷ್ಟವಾಯಿತು. ಅವ್ವ ಎರಡನೇ ಸಲ ಸತ್ತರೇನೋ ಎನ್ನುವಂತೆ ಅವಳು ಮನೆಯಲ್ಲಿ ಓಡಾಡುತ್ತಿದ್ದಳು. ಕೊನೆಗೆ, ನಾನೇ ಬಾಡಿಗೆ ಕಟ್ಟುತ್ತೇನೆ ಎಂದೆ. ಒಂದೇ ಷರತ್ತು: ಪ್ರತಿ ಕಥೆಯ ಮೊದಲು ಪ್ರಾಯೋಜಕನೆಂದು ನನ್ನ ಹೆಸರು ಹೇಳಬೇಕು.

ಹೇಳಿದಳು. ಎಷ್ಟು ಚೆಂದ ಕೇಳಿಸುತ್ತಿತ್ತು ಆ ಹೆಸರು! ಪೀಣ್ಯದ ಗೆಳೆಯರಿಗೆಲ್ಲ ಅಷ್ಟನ್ನು ಕೇಳಿಸಿ ಮೊಬೈಲು ಜೇಬಿಗಿಡುತ್ತಿದ್ದೆ. ಗಿರಿಜೆ ಒಂದು ದಿನ, "ಅವ್ವನ ಕಥಿ ಒಂದರ ಪೂರ್ತಿ ಕೇಳೀರೇನು?" ಎಂದು ಕೇಳಿದಳು. ನಾನು ಕೆಮ್ಮಿದೆ.

ಮುಂದಿನ ಕಥೆಯಲ್ಲಿ ನನ್ನ ಹೆಸರು ಮೊದಲಿಗೆ ಬರಲೇ ಇಲ್ಲ. ಕೊನೆಗೆ ಹಾಕಿದ್ದಾಳಂತೆ. ಮುಖ ಗಂಟಿಕ್ಕಿಕೊಂಡು ಕಾಯುತ್ತಾ ಕುಳಿತೆ. ತವರಿಗೆ ಹೊರಟ ಹೆಂಗಸೊಬ್ಬಳು ತುಂಬಿದ ಹೊಳೆಯ ಈ ದಡದಲ್ಲಿ ನಿಂತಿದ್ದಾಳೆ. ಆಚೆ ದಡದಲ್ಲಿ ಅವಳ ಅವ್ವ. ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಇಬ್ಬರೂ ಸೆರಗು ಬೀಸಿ ಬೀಸಿಯೇ ಮನೆಯ ಸುದ್ದಿಯನ್ನೆಲ್ಲ ಹೇಳಿಕೊಳ್ಳುತ್ತಾರೆ, ಕತ್ತಲಾಗಿ ಸೆರಗು ಕಾಣದಾಗುವವರೆಗೆ.

"ಹೆಸರು ಬಂತೇನ್ರೀ?" ಎಂದು ಗಿರಿಜೆ ಅಡುಗೆಮನೆಯಿಂದ ಕೇಳಿದಳು.

ನಾನು ಕಣ್ಣೊರೆಸಿಕೊಂಡು, "ಯಾರದು?" ಎಂದೆ.