ಕವೆಗೋಲಿನ ಪ್ರಸಂಗ

ಲೋಕದ ಸಕಲ ದಂಪತಿಗಳನ್ನೂ ಒಂದು ಮಾಡುವ ಭಾರ ಆ ಭಾನುವಾರ ರಾಜೇಂದ್ರನ ಹೆಗಲ ಮೇಲೆ ಬಿದ್ದಿತ್ತು. ಮದ್ದೂರಿನ ಅವರ ಪುಟ್ಟ ಚರ್ಚಿನಲ್ಲಿ ಸಂಜೆ ದಂಪತಿ ಕೂಟ. ಸತ್ಯವೇದದ ಪ್ರಕಾರ ಗಂಡ ಹೆಂಡಿರ ಮನಸ್ತಾಪ ತೀರುವುದು ಹೇಗೆ ಎಂದು ಅವನೇ ಮಾತಾಡಬೇಕು. ಅದೂ ಹೆಂಡತಿಯ ಕೈ ಹಿಡಿದು ನಿಂತು. ಅಲ್ಲಿಯ ಪದ್ಧತಿಯೇ ಹಾಗೆ. ಮಗನ ಪಾಂಡಿತ್ಯ ಕೇಳಲೆಂದು ಅವ್ವ ಪದ್ಮಮ್ಮ ಮಳವಳ್ಳಿಯಿಂದ ಬಸ್ಸು ಹತ್ತಿ ನೇರ ಚರ್ಚಿಗೇ ಬರುವವರಿದ್ದರು.

ಕೈ ಹಿಡಿಯಬೇಕಾದ ವನಜಾ ಮಾತ್ರ ಶುಕ್ರವಾರದಿಂದ ಮಾತು ಬಿಟ್ಟಿದ್ದಳು. (ಕಾರಣ ದೊಡ್ಡದೇನಲ್ಲ. "ನಮ್ಮವ್ವನ ಮುದ್ದೆ ಬೆಣ್ಣೆ, ನಿಂದು ಗುಂಡ್ಕಲ್ಲು" ಅಂದುಬಿಟ್ಟಿದ್ದ, ಅಷ್ಟೆ.)

ಅಡುಗೆಮನೆಗೆ ಕೇಳಿಸಲೆಂದೇ ಅವನು ಕನ್ನಡಿಯ ಮುಂದೆ ಗರ್ಜಿಸಿದ: "ಹೆಂಡ್ತೀರೇ, ಗಂಡಂದಿರಿಗೆ ತಗ್ಗಿ ನಡೀರಿ!"

ಉತ್ತರ ಬಂತು, ಬೆಕ್ಕಿನ ಹೆಸರಿಗೆ. "ನೋಡ್ದಾ ಬೆಕ್ಕೇ? ಅದರ ಕೆಳಗಿನ ವಾಕ್ಯ ಇವ್ರ ಕಣ್ಗೇ ಬೀಳಾಕಿಲ್ಲ. ಗಂಡ ಆದೋನು ಹೆಂಡ್ತಿಗಾಗಿ ಪ್ರಾಣಾನೇ ಕೊಡ್ಬೇಕು ಅಂತ ಅದೆ."

"ಕೊಡ್ತೀನಿ ಕಣಮ್ಮಿ!"

"ಪ್ರಾಣ ಯಾರಿಗ್ ಬೇಕು? ಒತ್ತು ಮುಳುಗೋದ್ರೊಳ್ಗೆ ಒಂದ್ಸಲ ಇಟ್ಟು ತಿರುವ್ಲಿ. ಗಂಟಿಲ್ದಂಗೆ."

ಸೂರ್ಯ ಮುಳುಗುವ ಮೊದಲೇ ಸಿಟ್ಟು ಇಳಿಯಬೇಕು ಎಂಬುದೇ ಅವನ ಭಾಷಣದ ತಿರುಳು. ಸೂರ್ಯನೋ ಆಗಲೇ ಕಬ್ಬಿನ ಗದ್ದೆಯತ್ತ ಜಾರುತ್ತಿದ್ದ. ರಾಜೇಂದ್ರ ಇಸ್ತ್ರಿ ಅಂಗಿಯ ತೋಳು ಮಡಿಸಿದ.

ಹಿಟ್ಟೇನೋ ಬೆಂದಿತು. ಪಾತ್ರೆಯನ್ನು ಕೆಳಗಿಳಿಸಿ ಕೋಲು ಹಾಕಿ ತಿರುವಿದ. ಕೋಲಿನ ಜೊತೆ ಪಾತ್ರೆಯೂ ತಿರುಗಿತು, ಪಾತ್ರೆಯ ಹಿಂದೆ ಅವನೂ ತಿರುಗಿದ. ಹೀಗೆ ಅಡುಗೆಮನೆಯ ಪ್ರದಕ್ಷಿಣೆ ಮುಗಿಸಿ ಬಚ್ಚಲ ಬಾಗಿಲಿಗೆ ಬಂದರು. ಬೆಕ್ಕು ಅಟ್ಟ ಹತ್ತಿತು. ಪಾತ್ರೆ ಅಲುಗದಂತೆ ಅದಕ್ಕೆ ಕವಲೊಡೆದ ಕವೆಗೋಲು ಕೊಟ್ಟು, ಆ ಕೋಲನ್ನು ಕಾಲಲ್ಲಿ ಮೆಟ್ಟಿಕೊಳ್ಳಬೇಕು. ವನಜಾ ದಿನವೂ ಒಬ್ಬಳೇ ಮಾಡುವ ಕೆಲಸ ಅದು. ಇವನಿಗೆ ಕಾಲು ಮೆಟ್ಟಿದರೆ ಕೈ ನಿಲ್ಲುತ್ತಿತ್ತು, ಕೈ ಆಡಿದರೆ ಕಾಲು ಜಾರುತ್ತಿತ್ತು.

"ವನಜಾ! ತಪ್ಪಾಯ್ತು ಕಣಮ್ಮಿ! ನಿಂದೇ ಬೆಣ್ಣೆ, ನಮ್ಮವ್ವಂದೇ ಗುಂಡ್ಕಲ್ಲು! ಬಂದು ಮೆಟ್ಕೊಳ್ಳೇ!"

ನಗು ತಡೆಯಲಾರದೆ ಬಂದ ವನಜಾ ಸೆರಗು ಸಿಕ್ಕಿಸಿ ಕವೆಗೋಲು ಮೆಟ್ಟಿದಳು. "ಅಂಗಲ್ಲ, ತಳದಿಂದ ಎತ್ತಿ ತಿರುವ್ರಿ!" ಇಬ್ಬರೂ ನಗುತ್ತಲೇ ಮುದ್ದೆ ಕಟ್ಟಿದರು. ಗಂಟು ಬೇಕಾದಷ್ಟಿತ್ತು. ಅವಳು ಒಂದು ತುತ್ತು ನುಂಗಿ, "ಓಗ್ಲಿ ಬುಡಿ, ಇಳೀತದೆ" ಅಂದಳು. ರಾಜೇಂದ್ರನಿಗೆ ಸ್ವರ್ಗ ಸಿಕ್ಕಷ್ಟು ಖುಷಿಯಾಯಿತು.

ಆ ಖುಷಿಯಲ್ಲಿ, ಸಂಜೆ ಕೂಟದಲ್ಲಿ ಮಾತಾಡಲು ನಿಂತಾಗ ಕಲಿತಿದ್ದ ಭಾಷಣವೆಲ್ಲ ಮರೆತೇಹೋಯಿತು. ವನಜಾಳ ಕೈ ಹಿಡಿದು, "ಇಬ್ರೂ ಒಂದೇ ಶರೀರ ಅಂದ್ರೆ ಇದೇ ಕಣ್ರಪ್ಪಾ! ಒಬ್ರು ತಿರುವುವಾಗ ಇನ್ನೊಬ್ರು ಮೆಟ್ಕೋಬೇಕು!" ಎಂದು ನಡೆದದ್ದನ್ನು ನಡೆದ ಹಾಗೇ ಹೇಳಿದ. ಹೆಂಗಸರು "ಹಲ್ಲೆಲೂಯ!" ಎಂದು ಚಪ್ಪಾಳೆ ತಟ್ಟಿದರು. ಗಂಡಸರು ಫ್ಯಾನು ನೋಡುತ್ತ ಕೂತರು. ಚಪ್ಪಾಳೆಗೆ ಉಬ್ಬಿದ ರಾಜೇಂದ್ರ ತಾನು ಕೂಗಿಕೊಂಡ ಮಾತನ್ನೂ ಬಿಡದೆ ಒಪ್ಪಿಸಿದ, ಗುಂಡುಕಲ್ಲಿನ ಸಮೇತ.

ಮುಂದಿನ ಸಾಲಿನಲ್ಲಿ ಪದ್ಮಮ್ಮ ಎದ್ದು ನಿಂತರು. "ಏನ್ಲಾ ಅಂದೆ? ನಂದು ಗುಂಡ್ಕಲ್ಲಾ?"

"ಅವ್ವಾ, ಸಿಟ್ಟು... ಒತ್ತು ಮುಳುಗೋ ಮುಂಚೆ..."

ಪದ್ಮಮ್ಮ ಕಿಟಕಿಯ ಕಡೆ ನೋಡಿದರು. ಹೊರಗೆ ಕತ್ತಲಾಗಿತ್ತು.

"ಇವತ್ತಿಂದು ಮುಳುಗೋಯ್ತು ಕಣ್ಲಾ. ನಂಗಿನ್ನು ನಾಳೆ ಸಂಜೆಗಂಟ ಟೈಮದೆ," ಎಂದು ಅವರು ಸೆರಗು ಬಿಗಿದು ಮಗನತ್ತ ಹೊರಟರು.